ಹತ್ತದ ಒಲೆಯ ಪಾಠ

ಮೇಷ್ಟ್ರ ಕೆಲಸದಲ್ಲಿ ಒಂದು ದೊಡ್ಡ ಅಪಾಯವಿದೆ. ಮೂವತ್ತು ವರ್ಷ ಅದೇ ಪಾಠವನ್ನು ಹೇಳಿ ಹೇಳಿ, ಅದು ತನಗೆ ಪೂರ್ತಿ ಗೊತ್ತಿದೆ ಎಂದು ಅವನೇ ನಂಬಿಬಿಡುತ್ತಾನೆ. ನಾನೂ ಹಾಗೆ ನಂಬಿದ್ದವನು. ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ವಿದ್ಯುತ್ ಮಂಡಲ, ದಹನಕ್ರಿಯೆ, ಅನಿಲದ ಒತ್ತಡ ಇವೆಲ್ಲ ನಿದ್ದೆಗಣ್ಣಿನಲ್ಲಿ ಕೇಳಿದರೂ ಬರುವ ಪಾಠಗಳು. ಈ ಮೂರೂ ಪಾಠಗಳು ಒಟ್ಟಿಗೆ ಸೇರಿ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದ್ದು 2023ರ ಬೇಸಿಗೆ ರಜೆಯಲ್ಲಿ, ಊರಿನಿಂದ ಸಾವಿರಾರು ಮೈಲಿ ದೂರದ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ.

ನಾನು ಅಲ್ಲಿಗೆ ಹೋದದ್ದು ನನ್ನ ಅಕ್ಕನಿಗೆ ಜೊತೆಯಾಗಿ. ಅವಳ ಮಗ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ಸಂಸಾರ ಹೂಡಿದ್ದಾನೆ. ಅಕ್ಕನಿಗೆ ಮಗ, ಸೊಸೆ, ಮೊಮ್ಮಗನನ್ನು ನೋಡುವ ಆಸೆ. ಆದರೆ ಒಬ್ಬಳೇ ವಿಮಾನ ಹತ್ತಲು ಭಯ. “ನೀನು ಬಂದರೆ ಮಾತ್ರ ಹೋಗ್ತೇನೆ” ಎಂದು ಹಟ ಹಿಡಿದಳು. ಈ ಅಳಿಯನಾದರೂ ಹೊರಗಿನವನಲ್ಲ. ಹೈಸ್ಕೂಲಿನ ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದು, ನನ್ನ ಕೈಕೆಳಗೇ ಓದಿದವನು. ಹೀಗಾಗಿ ಅಕ್ಕನಿಗೆ ಮಗನನ್ನು ನೋಡುವ ಆಸೆಯಾದರೆ, ನನಗೆ ಶಿಷ್ಯನ ವೈಭವವನ್ನು ನೋಡುವ ಆಸೆ.

ಏಪ್ರಿಲ್ ತಿಂಗಳ ಮಧ್ಯದಲ್ಲಿ ನಾವು ಹೋಗಿ ಇಳಿದಾಗ ನಮ್ಮೂರಿನಲ್ಲಿ ಹಲಸು ಬಲಿಯುವ ಕಾಲ. ಅಲ್ಲಿ ಮನೆಗಳ ಮೂಲೆಗಳಲ್ಲಿ ಇನ್ನೂ ಹಿಮದ ರಾಶಿ. ಅಳಿಯನ ಮನೆಯ ಪಕ್ಕದಲ್ಲಿ ದಪ್ಪ ಟಾರ್ಪಾಲು ಹೊದ್ದುಕೊಂಡು ಒಂದು ದೊಡ್ಡ ಪೆಟ್ಟಿಗೆಯಂಥದು ನಿಂತಿತ್ತು. “ಅದೇನೋ?” ಎಂದು ಅಕ್ಕ ಕೇಳಿದಳು. “ನಮ್ಮ ಕ್ಯಾಂಪರ್ ಟ್ರೇಲರ್ ಅಮ್ಮ. ಕಾರಿನ ಹಿಂದೆ ಕಟ್ಟಿಕೊಂಡು ಹೋಗೋದು” ಎಂದ. ಹಿಂದೆ ನಮ್ಮ ಕಡೆ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು, ಅಕ್ಕಿ ಬೇಳೆ ತುಂಬಿಕೊಂಡು, ಅದರಲ್ಲೇ ಮಲಗಿ ಏಳುತ್ತ ಹೋಗುತ್ತಿದ್ದರಲ್ಲ, ಅದರ ದೊಡ್ಡ ತಮ್ಮ ಎನ್ನಿ. ಎತ್ತಿನ ಬದಲು ಕಾರು. ಒಳಗೆ ಹಾಸಿಗೆ, ಗ್ಯಾಸ್ ಒಲೆ, ನೀರಿನ ಸಿಂಕು, ಪುಟ್ಟ ಬಚ್ಚಲು ಎಲ್ಲವೂ ಇದ್ದವು. 2014ರಲ್ಲಿ ತಯಾರಾದ ಗಾಡಿ. ಇವನು ಕೊಂಡದ್ದು ಸೆಕೆಂಡ್ ಹ್ಯಾಂಡ್.

ಅಂಥ ಚಳಿ ದೇಶದಲ್ಲಿ ಅಕ್ಟೋಬರ್ ಬಂದರೆ ಇಂಥ ಗಾಡಿಗಳನ್ನು ಮುಚ್ಚಿಡುತ್ತಾರೆ. ಕೊಳವೆಗಳಲ್ಲಿ ನೀರು ನಿಂತರೆ ಹೆಪ್ಪುಗಟ್ಟಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ. ಆದ್ದರಿಂದ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದ ದ್ರವ ತುಂಬಿಸಿ, ಬ್ಯಾಟರಿ ಬಿಚ್ಚಿಟ್ಟು, ಗ್ಯಾಸ್ ಮುಚ್ಚಿ, ಹೊದಿಕೆ ಹೊದಿಸುತ್ತಾರೆ. ಆರು ತಿಂಗಳ ಆ ಕುಂಭಕರ್ಣ ನಿದ್ದೆಯಿಂದ ಏಪ್ರಿಲ್‌ನಲ್ಲಿ ಎಬ್ಬಿಸುತ್ತಾರೆ. ಮೇ ತಿಂಗಳಲ್ಲಿ ನಮ್ಮನ್ನೆಲ್ಲ ಸುಪೀರಿಯರ್ ಸರೋವರದ ದಂಡೆಗೆ ಕರೆದುಕೊಂಡು ಹೋಗುವುದು ಅಳಿಯನ ಯೋಜನೆ. ಅಲ್ಲಿ ಮೇ ತಿಂಗಳ ರಾತ್ರಿಯೂ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. ಗಾಡಿಯೊಳಗಿನ ಫರ್ನೆಸ್, ಅಂದರೆ ಬಿಸಿಗಾಳಿ ಕೊಡುವ ಗ್ಯಾಸ್ ಒಲೆ, ಕೆಲಸ ಮಾಡಲೇಬೇಕು. ಅದರಲ್ಲೂ ಒಂಬತ್ತು ವರ್ಷದ ಮೊಮ್ಮಗ ಮಲಗುವ ಕೆಳಗಿನ ಹಾಸಿಗೆ ಆ ಫರ್ನೆಸ್ಸಿನ ಪಕ್ಕದಲ್ಲೇ ಇತ್ತು.

ಒಂದು ಶನಿವಾರ ಬೆಳಿಗ್ಗೆ ಗಾಡಿಯ ಹೊದಿಕೆ ತೆಗೆದೆವು. ಅಳಿಯ ಬ್ಯಾಟರಿ ಜೋಡಿಸಿ, ಗೋಡೆಯ ಮೇಲಿನ ಥರ್ಮೋಸ್ಟಾಟ್ ತಿರುಗಿಸಿದ. ಒಳಗೆಲ್ಲೋ ಫ್ಯಾನು ತಿರುಗಿತು. ಆದರೆ ದಮ್ಮು ಹತ್ತಿದ ಮುದುಕ ಉಸಿರೆಳೆಯುವಂಥ ಶಬ್ದ. ಬಿಸಿಗಾಳಿ ಮಾತ್ರ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದರೂ ಅಷ್ಟೇ.

“ಸರ್ಕ್ಯೂಟ್ ಬೋರ್ಡ್ ಹೋಗಿರಬೇಕು ಮಾವ. ಹೊಸದು ತರಿಸ್ತೇನೆ” ಎಂದ ಅಳಿಯ.

ಅಕ್ಕ ಬಾಗಿಲಲ್ಲಿ ನಿಂತಿದ್ದವಳು, “ಆರು ತಿಂಗಳು ಮುಚ್ಚಿಟ್ಟ ಮನೇಲಿ ಇಲಿ ಸೇರದೇ ಇರ್ತದಾ? ಒಲೆ ಹತ್ತದಿದ್ರೆ ನಾವು ಮೊದಲು ಬೂದಿ ತೆಗೆದು ನೋಡ್ತೇವಪ್ಪ” ಎಂದಳು. ನಾವಿಬ್ಬರೂ ನಕ್ಕೆವು. ಒಬ್ಬ ಇಂಜಿನಿಯರು, ಇನ್ನೊಬ್ಬ ಬಿ.ಎಸ್ಸಿ., ಬಿ.ಎಡ್. ಅಕ್ಕ ಏಳನೇ ಕ್ಲಾಸು. ಆ ನಗುವನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

“ಬೋರ್ಡು ಗೀರ್ಡು ಆಮೇಲೆ. ಮೊದಲು ಒಂದೊಂದಾಗಿ ನೋಡೋಣ” ಎಂದು ಮೇಷ್ಟ್ರ ಗತ್ತಿನಲ್ಲಿ ಹೇಳಿ ನಾನು ಮಲ್ಟಿಮೀಟರ್ ಕೇಳಿದೆ. ಬ್ಯಾಟರಿ 11.9 ವೋಲ್ಟ್ ತೋರಿಸಿತು. ಸೀಸ ಮತ್ತು ಆಮ್ಲದ ಹನ್ನೆರಡು ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದ್ದರೆ, ಸುಮ್ಮನಿದ್ದಾಗ, 12.6 ವೋಲ್ಟಿನ ಮೇಲೆ ತೋರಿಸಬೇಕು. 11.9 ಎಂದರೆ ಹೆಚ್ಚುಕಡಿಮೆ ಖಾಲಿ. ಹನ್ನೆರಡಕ್ಕೆ ಹತ್ತಿರವೇ ಇದೆಯಲ್ಲ ಎಂದು ಅಳಿಯ ಅಂದುಕೊಂಡಿದ್ದ. ಗ್ಯಾರೇಜಿನ ಅಟ್ಟದ ಮೇಲೆ ಆರು ತಿಂಗಳು ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿಯೇ ಸೋರಿಹೋಗಿತ್ತು. ಹೊರಗೆ ಗಾಡಿಯಲ್ಲೇ ಬಿಟ್ಟಿದ್ದರೆ ಇನ್ನೂ ಕೆಡುಕಾಗುತ್ತಿತ್ತು. ತುಂಬಿದ ಬ್ಯಾಟರಿಯ ಆಮ್ಲ ಎಂಥ ಚಳಿಗೂ ಬೇಗ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯೊಳಗೆ ಉಳಿಯುವುದು ಬಹುಪಾಲು ನೀರೇ. ಅದು ಹೆಪ್ಪುಗಟ್ಟಿದರೆ ಬ್ಯಾಟರಿ ಬಿರಿಯುತ್ತದೆ. ಅಂದು ರಾತ್ರಿಯಿಡೀ ಚಾರ್ಜ್‌ಗೆ ಹಾಕಿದೆವು.

ಭಾನುವಾರ ಬ್ಯಾಟರಿ 12.7 ತೋರಿಸಿತು. ಫ್ಯಾನು ಹುರುಪಿನಿಂದ ತಿರುಗಿತು. ಆದರೂ ಒಲೆ ಹತ್ತಲಿಲ್ಲ.

ಇನ್ನು ಗ್ಯಾಸ್. ಅಳಿಯ ಸಿಲಿಂಡರಿನ ತಿರುಪನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದ. ಅಡುಗೆ ಒಲೆ ಹಚ್ಚಿ ನೋಡಿದರೆ ಜ್ವಾಲೆ ಎಳ್ಳಷ್ಟು. ಕಾರಣ ಸ್ವಾರಸ್ಯವಾಗಿದೆ. ಕೊಳವೆ ಒಡೆದು ಗ್ಯಾಸ್ ಭರದಿಂದ ಹೊರನುಗ್ಗಿದರೆ ತಾನೇ ಅಡ್ಡಬಂದು ತಡೆಯುವ ಒಂದು ಪುಟ್ಟ ಕವಾಟ ಅಲ್ಲಿನ ಸಿಲಿಂಡರಿನ ಜೋಡಣೆಯಲ್ಲಿರುತ್ತದೆ. ಒಮ್ಮೆಲೇ ತಿರುಗಿಸಿದರೆ ಅದಕ್ಕೆ ಕೊಳವೆಯೇ ಒಡೆದಂತೆ ಭಾಸವಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಮುಚ್ಚಿ, ಸ್ವಲ್ಪ ತಡೆದು, ನಿಧಾನವಾಗಿ ತಿರುಗಿಸಿದಾಗ ಸರಿಯಾಯಿತು. ಚಳಿಗಾಲದಲ್ಲಿ ಕೊಳವೆಯೊಳಗೆ ಸೇರಿದ್ದ ಗಾಳಿ ಹೊರಟುಹೋಗಿ ನೀಲಿ ಜ್ವಾಲೆ ಎದ್ದಿತು.

ಇಲ್ಲಿ ನನ್ನ ಮೊಮ್ಮಗನಿಗೆ ಒಂದು ಸಣ್ಣ ಪಾಠ ಮಾಡಿದೆ. ನಮ್ಮ ಅಡುಗೆಮನೆಯ ಕೆಂಪು ಸಿಲಿಂಡರಿನಲ್ಲಿ ಬ್ಯುಟೇನ್ ಮತ್ತು ಪ್ರೊಪೇನ್ ಎರಡೂ ಬೆರೆತಿರುತ್ತವೆ. ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಆ ಚಳಿಯಲ್ಲಿ ಅದು ದ್ರವವಾಗಿ ತಳದಲ್ಲೇ ಕೂತುಬಿಡುತ್ತದೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ. ಅದಕ್ಕೇ ಅಲ್ಲಿ ಪ್ರೊಪೇನ್ ಬಳಸುತ್ತಾರೆ. “ಮೇಷ್ಟ್ರಜ್ಜ, ಹಾಗಾದ್ರೆ ನಿಮ್ಮ ಸಿಲಿಂಡರ್ ಇಲ್ಲಿ ಬಂದ್ರೆ ಅದಕ್ಕೂ ನೆಗಡಿ ಆಗ್ತದೆ” ಎಂದ ಪೋರ. ನನಗೆ ಆ ಉತ್ತರ ಬಹಳ ಹಿಡಿಸಿತು.

ಬ್ಯಾಟರಿ ಸರಿ. ಗ್ಯಾಸ್ ಸರಿ. ಥರ್ಮೋಸ್ಟಾಟ್ ಹೇಳಿದ ಕೂಡಲೇ ಫ್ಯಾನು ತಿರುಗುತ್ತದಾದ್ದರಿಂದ ಅದೂ ಸರಿ. ಉಳಿದದ್ದು ಫರ್ನೆಸ್ಸಿನ ಒಳಗಿನ ವ್ಯವಹಾರ. ಕೈಪಿಡಿಯಲ್ಲಿದ್ದ ಚಿತ್ರವನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದೆ. ಬರೆಯುತ್ತ ಹೋದಂತೆ ಅದನ್ನು ರೂಪಿಸಿದವರ ಬುದ್ಧಿವಂತಿಕೆಗೆ ತಲೆದೂಗಿದೆ.

ಈ ಯಂತ್ರ ಒಂದು ಸರದಿಯನ್ನು ಪಾಲಿಸುತ್ತದೆ. ಚಳಿಯಾಯಿತು ಎಂದು ಥರ್ಮೋಸ್ಟಾಟ್ ಹೇಳಿದ ಕೂಡಲೇ ಅದು ಗ್ಯಾಸ್ ಬಿಡುವುದಿಲ್ಲ. ಮೊದಲು ಫ್ಯಾನು ತಿರುಗಬೇಕು. ಆ ಒಂದೇ ಮೋಟಾರಿನ ದಂಡಕ್ಕೆ ಎರಡು ಫ್ಯಾನುಗಳಿವೆ. ಒಂದು ಗಾಡಿಯೊಳಗಿನ ಗಾಳಿಯನ್ನು ಬಿಸಿ ಲೋಹದ ಮೇಲೆ ಹಾಯಿಸಿ ತರುವುದು. ಇನ್ನೊಂದು ಹೊರಗಿನ ಗಾಳಿಯನ್ನು ಉರಿಗೆ ಒದಗಿಸಿ ಹೊಗೆಯನ್ನು ಹೊರಕ್ಕೆ ತಳ್ಳುವುದು. ಎರಡು ಗಾಳಿಗಳೂ ಎಲ್ಲೂ ಬೆರೆಯಬಾರದು. ಗಾಳಿಯ ದಾರಿಯಲ್ಲಿ ತೆಳುವಾದ ಒಂದು ತಗಡಿನ ರೆಕ್ಕೆ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಸೇಲ್ ಸ್ವಿಚ್ ಎನ್ನುತ್ತಾರೆ. ಹಾಯಿದೋಣಿಯ ಹಾಯಿ ಇದೆಯಲ್ಲ, ಅದೇ ಸೇಲ್. ನಾನು ಅದಕ್ಕೆ ಹಾಯಿ ಸ್ವಿಚ್ ಎಂದು ಹೆಸರಿಟ್ಟೆ. ಸಾಕಷ್ಟು ಬಿರುಸಿನ ಗಾಳಿ ಬಂದರೆ ಹಾಯಿ ಬಾಗಿ ಸ್ವಿಚ್ ಒತ್ತುತ್ತದೆ. ಆಮೇಲೆ ಲಿಮಿಟ್ ಸ್ವಿಚ್, ಅಂದರೆ ಒಳಗೆ ಅತಿಯಾಗಿ ಕಾದಿಲ್ಲ ಎಂದು ಸಾಕ್ಷಿ ಹೇಳುವುದು. ಇವೆರಡೂ ಹೂಂ ಎಂದರೆ ಬೋರ್ಡು ಹದಿನೈದು ಸೆಕೆಂಡಿನಷ್ಟು ಕಾಯ್ದು, ಒಳಗೆ ಉಳಿದಿರಬಹುದಾದ ಗ್ಯಾಸನ್ನು ಗಾಳಿ ಗುಡಿಸಿದ ಮೇಲೆ, ಗ್ಯಾಸ್ ಕವಾಟ ತೆರೆದು ಕಿಡಿ ಹೊಡೆಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಜ್ವಾಲೆ ಕಾಣದಿದ್ದರೆ ಗ್ಯಾಸನ್ನು ಮತ್ತೆ ಮುಚ್ಚುತ್ತದೆ. ಎಲ್ಲವೂ ಸರಣಿ ಜೋಡಣೆ. ಒಬ್ಬ ಒಲ್ಲೆನೆಂದರೂ ಮುಂದಿನವನಿಗೆ ಮಾತೇ ತಲುಪುವುದಿಲ್ಲ.

ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೊಂದೇ ಕಡೆ ಇಟ್ಟು ನೋಡಿದೆ. ಹಾಯಿ ಸ್ವಿಚ್ಚಿನ ತನಕ ಹನ್ನೆರಡು ವೋಲ್ಟ್ ಬರುತ್ತಿತ್ತು. ಅದರ ಆಚೆ ಸೊನ್ನೆ.

“ಸಿಕ್ಕಿತು!” ಎಂದೆ. “ಈ ಸ್ವಿಚ್ ಕೆಟ್ಟಿದೆ.”

ಈಗ ನಾನು ಮಾಡಿದ್ದನ್ನು ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಮಾಡಬಾರದು. ಸ್ವಿಚ್ಚಿನ ಎರಡೂ ವೈರುಗಳನ್ನು ಬಿಡಿಸಿ ಒಂದಕ್ಕೊಂದು ಜೋಡಿಸಿಬಿಟ್ಟೆ. ನಡುವಿನ ಸಾಕ್ಷಿದಾರನನ್ನೇ ತೆಗೆದುಹಾಕಿದ ಹಾಗೆ. ಹದಿನೈದು ಸೆಕೆಂಡು ಕಳೆಯಿತು. ಟಿಕ್ ಟಿಕ್ ಟಿಕ್, ಭುಸ್ ಎಂದು ಒಲೆ ಹತ್ತಿತು. ನೆಲದ ಜಾಲರಿಯಿಂದ ಬೆಚ್ಚನೆಯ ಗಾಳಿ ಸ್ವಲ್ಪವೇ ಬಂದಿತು. ಸೊಸೆ ಚಪ್ಪಾಳೆ ತಟ್ಟಿದಳು. ನನಗೆ ಎದೆ ಎರಡು ಅಂಗುಲ ಉಬ್ಬಿತು. “ಹೊಸ ಸ್ವಿಚ್ ಆಮೇಲೆ ಯಾವಾಗಲಾದರೂ ಹಾಕಿಸು. ಸದ್ಯಕ್ಕೆ ಇದಕ್ಕೆ ಟೇಪ್ ಸುತ್ತಿಬಿಟ್ಟರಾಯಿತು” ಎಂದೆ.

ಈ ವಿದ್ಯೆ ನನಗೆ ಹೊಸದಲ್ಲ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಬೇಸತ್ತು ಒಂದು ದಿನ ನಾನೇ ದಪ್ಪನೆಯ ತಾಮ್ರದ ತಂತಿ ಸುತ್ತಿದ್ದೆ. ಆಮೇಲೆ ಅದು ಒಂದು ಸಲವೂ ಹೋಗಿರಲಿಲ್ಲ. ನಿಮ್ಮ ಮನೆಗಳಲ್ಲೂ ಯಾರಾದರೂ ಈ ಜಾಣತನ ಮಾಡಿರಬಹುದು.

ಮೊಮ್ಮಗ ರಟ್ಟಿನ ಮೇಲಿನ ನನ್ನ ಚಿತ್ರವನ್ನು ಹಿಡಿದುಕೊಂಡೇ ನಿಂತಿದ್ದ. ಅದರಲ್ಲಿ ಹಾಯಿಯ ಮೇಲೆ ಬೆರಳಿಟ್ಟು ಕೇಳಿದ: “ಮೇಷ್ಟ್ರಜ್ಜ, ಇದು ಇಲ್ದೇನೂ ಆಗ್ತದೆ ಅಂದ್ರೆ ಇದನ್ನ ಯಾಕೆ ಇಟ್ಟಿದ್ರು?”

ನಾನು ಬಾಯಿ ತೆರೆದೆ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು: ಸಾಕಷ್ಟು ಗಾಳಿ ಬರುತ್ತಿದೆಯೇ ಎಂದು ನೋಡುವುದಕ್ಕೆ. ಹೇಳಲು ಹೊರಟವನಿಗೆ ಆಗ ಹೊಳೆಯಿತು. ಗಾಳಿ ಬರುತ್ತಿದೆಯೇ ಎಂದು ನಾನು ನೋಡಿಯೇ ಇಲ್ಲ! ಫ್ಯಾನಿನ ಸದ್ದು ಕೇಳಿಸಿತು, ಗಾಳಿ ಇದೆ ಅಂದುಕೊಂಡೆ. ಸ್ವಿಚ್ ಇಲ್ಲ ಎಂದಿತು, ಸ್ವಿಚ್ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಅದು ನಿಜವನ್ನೇ ಹೇಳುತ್ತಿರಬಹುದು ಎಂಬ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಕೂಡಲೇ ಗ್ಯಾಸ್ ಮುಚ್ಚಿಸಿ, ಬ್ಯಾಟರಿ ತೆಗೆಸಿದೆ.

ಫರ್ನೆಸ್ ತಣಿದ ಮೇಲೆ ಮುಂದಿನ ತಗಡು ಬಿಚ್ಚಿದೆವು. ಬೆರಳಿನಿಂದ ಹಾಯಿಯನ್ನು ಮೆಲ್ಲಗೆ ಒತ್ತಿದರೆ ಟಿಕ್ ಎಂದಿತು. ಮೀಟರು ಸರಿ ಎಂದು ತೋರಿಸಿತು. ಸ್ವಿಚ್ಚಿಗೆ ಯಾವ ರೋಗವೂ ಇರಲಿಲ್ಲ. ಇನ್ನೂ ಒಳಗೆ ಟಾರ್ಚ್ ಬಿಟ್ಟು ನೋಡಿದ ಅಳಿಯ “ಅಮ್ಮಾ!” ಎಂದು ಕೂಗಿದ. ಫ್ಯಾನಿಗೆ ಗಾಳಿ ಬರುವ ದಾರಿಯಲ್ಲಿ ಇಲಿಯ ಗೂಡು! ದಿಂಬಿನ ಹತ್ತಿ, ಕಾಗದದ ಚೂರು, ಒಣ ಹುಲ್ಲು, ಸೂರ್ಯಕಾಂತಿ ಬೀಜದ ಸಿಪ್ಪೆ ಎಲ್ಲ ಸೇರಿ ಎರಡು ಹಿಡಿಯಷ್ಟು. ಅಕ್ಕ ಬಂದು ಇಣುಕಿ ನೋಡಿದಳು. ಏನೂ ಹೇಳಲಿಲ್ಲ. ಏನೂ ಹೇಳದಿದ್ದದ್ದೇ ನಮಗೆ ತಕ್ಕ ಶಿಕ್ಷೆ.

ಅದನ್ನು ಹಾಗೇ ಕೈಹಾಕಿ ತೆಗೆಯಲು ಸೊಸೆ ಬಿಡಲಿಲ್ಲ. ಅಲ್ಲಿನ ಕೆಲವು ಕಾಡಿಲಿಗಳ ಮಲಮೂತ್ರದಲ್ಲಿ ಹ್ಯಾಂಟಾ ಎಂಬ ವೈರಸ್ ಇರಬಹುದಂತೆ. ಒಣಗಿದ್ದನ್ನು ಗುಡಿಸಿದರೆ ಧೂಳಿನೊಡನೆ ಉಸಿರಿಗೆ ಸೇರುತ್ತದೆ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್, ಬ್ಲೀಚಿಂಗ್ ದ್ರಾವಣ ಚಿಮುಕಿಸಿ ನೆನೆಸಿದ ಮೇಲೆ ತೆಗೆದೆವು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಎಡವಿದವನು ಮುಂದಿನ ಹೆಜ್ಜೆಯನ್ನು ನೋಡಿಯೇ ಇಡುತ್ತಾನೆ. “ಹೊಗೆ ಹೋಗುವ ದಾರಿಯನ್ನೂ ನೋಡಿಬಿಡೋಣ” ಎಂದೆ. ಗಾಡಿಯ ಹೊರಗೋಡೆಯಲ್ಲಿ ಎರಡು ಕೊಳವೆಗಳ ಬಾಯಿ ಇದ್ದವು. ಒಂದು ಗಾಳಿ ಒಳಗೆಳೆಯಲು, ಇನ್ನೊಂದು ಹೊಗೆ ಹೊರಹಾಕಲು. ಹೊಗೆಯ ಕೊಳವೆಯೊಳಗೆ ಟಾರ್ಚ್ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಮಣ್ಣು ಮೆತ್ತಿತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಶಾಲೆಯ ಬೀರುವಿನ ಬೀಗದ ಕಿಂಡಿಯಲ್ಲಿ, ಕಿಟಕಿಯ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳದ ಕೆಲಸ! ಅಲ್ಲಿಯೂ ಅಂಥದೇ ಕಣಜದ ಜಾತಿಯ ಹುಳಗಳಿವೆ. ಜೇಡಗಳನ್ನು ಕುಟುಕಿ ಜಡಗೊಳಿಸಿ, ಮಣ್ಣಿನ ಗೂಡಿನಲ್ಲಿ ತುಂಬಿಸಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತವೆ. ಹಿಂದಿನ ಬೇಸಿಗೆಯಲ್ಲೇ ಕಟ್ಟಿದ ಗೂಡಿರಬೇಕು. ಹುಳಕ್ಕೆ ಅದು ಮಕ್ಕಳ ಮನೆ. ನಮಗೆ ಮಾತ್ರ ಯಮನ ಬಾಗಿಲು.

ಯಮನ ಬಾಗಿಲು ಎಂದದ್ದು ಬರಿಯ ಮಾತಿಗಲ್ಲ. ಹೊಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಉರಿಗೆ ಹೊಸ ಗಾಳಿಯೂ ಸಾಲದು. ಆಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇತ್ತ ಇಲಿಗೂಡಿನಿಂದ ಒಳಗಾಳಿಯೂ ಸಾಲದೆ ಲೋಹದ ಕೋಣೆ ಮತ್ತೆ ಮತ್ತೆ ಅತಿಯಾಗಿ ಕಾದರೆ ಅದು ಬಿರುಕು ಬಿಡಬಹುದು. ಬಿರುಕಿನಿಂದ ಆ ವಿಷ ಮಲಗುವ ಜಾಗಕ್ಕೆ ಬರಬಹುದು. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ಪ್ರಯಾಣದ ಆಯಾಸ ಎಂದುಕೊಂಡು ಮಲಗಿದವರು ಏಳುವುದೇ ಇಲ್ಲ. ನಮ್ಮಲ್ಲೂ ಚಳಿಗಾಲದಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗಿಟ್ಟುಕೊಂಡು ಮಲಗಿದವರ, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕಿಳಿದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಅಲ್ಲಿಯೂ ಕೊಲ್ಲುವುದು ಇದೇ ಅನಿಲ.

ಗಾಡಿಯಲ್ಲಿ ಇದನ್ನು ಪತ್ತೆ ಹಚ್ಚಿ ಕೂಗುವ ಒಂದು ಅಲಾರಂ ಇತ್ತು. ಗುಂಡಿ ಒತ್ತಿದರೆ ಕೂಗಿತು ಕೂಡ. ಆದರೆ ಹಿಂಬದಿ ನೋಡಿದರೆ 2014ರ ತಾರೀಕು. ಇಂಥ ಅಲಾರಂಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ಇದರ ಗಡುವು ಮೀರಿಹೋಗಿತ್ತು. ಗುಂಡಿ ಒತ್ತಿದಾಗ ಕೂಗುವುದು ಅದರ ಗಂಟಲು ಸರಿಯಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು, ಮೂಗು ಸರಿಯಿದೆ ಎಂಬುದಕ್ಕಲ್ಲ.

ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಾಯಿ ಸ್ವಿಚ್ಚಿಗೆ ಹೊಗೆ ಕೊಳವೆಯ ಮಣ್ಣು ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ತನ್ನ ಮುಂದಿನ ಗಾಳಿ ಮಾತ್ರ. ಆದರೂ ಅದು ಒಲ್ಲೆ ಎಂದದ್ದರಿಂದ ನಾವು ನಿಂತೆವು; ನಿಂತದ್ದರಿಂದ ಮಣ್ಣು ಕಂಡಿತು. ನನ್ನ ಮಾತಿನಂತೆ ಟೇಪ್ ಸುತ್ತಿ ಹೊರಟಿದ್ದರೆ, ಸರೋವರದ ದಂಡೆಯಲ್ಲಿ ಕಿಟಕಿ ಮುಚ್ಚಿ, ಐವರೂ ಬೆಚ್ಚಗೆ ಮಲಗುತ್ತಿದ್ದೆವು. ಆ ಒಲೆಯ ಪಕ್ಕದಲ್ಲೇ ಮಗು. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇಷ್ಟೇ ಆಗಿದ್ದರೆ ಇದು ಒಂದು ಯಂತ್ರದ ಕತೆಯಾಗಿ ಮುಗಿಯುತ್ತಿತ್ತು. ಆದರೆ ಅಂದು ಸಂಜೆ ಕೈತೊಳೆಯುತ್ತ ನಿಂತಿದ್ದಾಗ ಅಳಿಯ ನಗುತ್ತ ಒಂದು ಮಾತು ಹೇಳಿದ: “ಮಾವ, ಎಂಟನೇ ಕ್ಲಾಸಲ್ಲಿ ನನಗೂ ನೀವು ಹೀಗೇ ವೈರ್ ಜೋಡಿಸಿದ್ರಿ.”

ನನಗೆ ಅರ್ಥವಾಗಲಿಲ್ಲ. ಅವನೇ ನೆನಪಿಸಿದ. 1997ನೇ ಇಸವಿ. ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದ ಹುಡುಗ. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಚಿತ್ರ ಬರೆದು “ಅರ್ಥವಾಯಿತೇ?” ಎಂದು ಕೇಳಿದರೆ ಐವತ್ತು ಮಕ್ಕಳು “ಆಯ್ತು ಸಾರ್” ಎನ್ನುತ್ತಿದ್ದರು. ಇವನೊಬ್ಬ ಸುಮ್ಮನಿರುತ್ತಿದ್ದ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದ. ಮೇಷ್ಟ್ರ ಮನೆಯ ಹುಡುಗನೇ ಹೀಗಾದರೆ ಎಂಬ ಅವಮಾನ ನನಗೆ. ದಡ್ಡನೆಂದುಕೊಂಡೆ. ರಾತ್ರಿ ಲಾಟೀನಿನ ಮುಂದೆ ಕೂರಿಸಿ, ಪ್ರಶ್ನೋತ್ತರಗಳನ್ನು ಒಂದಕ್ಷರ ಬಿಡದಂತೆ ಬಾಯಿಪಾಠ ಮಾಡಿಸಿದೆ. ಪರೀಕ್ಷೆಯಲ್ಲಿ ಪಾಸಾದ. ಊರಿಗೆಲ್ಲ ಪೇಡ ಹಂಚಿದೆ. ಮರುವರ್ಷ ಊರಿಗೆ ಕಣ್ಣಿನ ತಪಾಸಣೆಯ ಶಿಬಿರ ಬಂದಾಗ ಗೊತ್ತಾಯಿತು, ಅವನಿಗೆ ಬೋರ್ಡಿನ ಅಕ್ಷರ ಕಾಣಿಸುತ್ತಲೇ ಇರಲಿಲ್ಲ! ಕನ್ನಡಕ ಹಾಕಿದ ಮೇಲೆ ಹುಡುಗ ಬೇರೆಯೇ ಆದ. ಆ ಕನ್ನಡಕವೇ ಮುಂದೆ ಅವನನ್ನು ಇಂಜಿನಿಯರಿಂಗ್ ಕಾಲೇಜಿಗೆ ಕರೆದುಕೊಂಡು ಹೋಯಿತು.

“ಕಾಣ್ತಿರಲಿಲ್ಲ ಅಂತ ಆವತ್ತೇ ಹೇಳಬಾರದಿತ್ತೇನೋ?” ಎಂದೆ.

“ಎಲ್ಲರಿಗೂ ಅಷ್ಟೇ ಕಾಣೋದು ಅಂದ್ಕೊಂಡಿದ್ದೆ ಮಾವ. ನೀವು ಯಾಕೆ ಸುಮ್ಮನಿದ್ದೀಯ ಅಂತ ಬೈದ್ರಿ. ಏನು ಕಾಣ್ತದೆ ಅಂತ ಕೇಳಲಿಲ್ಲ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು. ಒಂದು ಮಗು ಸುಮ್ಮನಿದೆ ಎಂದರೆ ಅದು ಕೆಟ್ಟಿದೆ ಎಂದಲ್ಲ. ಎಲ್ಲೋ ದಾರಿ ಕಟ್ಟಿದೆ ಎಂದು ಅದು ತನಗೆ ತಿಳಿದ ರೀತಿಯಲ್ಲಿ ಹೇಳುತ್ತಿದೆ. ನಾವೋ ಬಾಯಿಪಾಠ, ಗೈಡು, ಟ್ಯೂಷನ್ನು ಎಂದು ಸಿಕ್ಕಿದ ವೈರು ಜೋಡಿಸಿ ದೀಪ ಹತ್ತಿಸಿಬಿಡುತ್ತೇವೆ. ಅಂಕ ಬರುತ್ತದೆ. ಒಳಗಿನ ಗೂಡು ಒಳಗೇ ಉಳಿಯುತ್ತದೆ. ಕಣ್ಣು ಕಾಣದಿರಬಹುದು, ಕಿವಿ ಕೇಳದಿರಬಹುದು, ಬೆಳಿಗ್ಗೆ ತಿಂಡಿ ತಿನ್ನದೇ ಬಂದಿರಬಹುದು, ಹಿಂದಿನ ವರ್ಷದ ಒಂದು ಲೆಕ್ಕವೇ ತಿಳಿಯದೇ ಹೋಗಿರಬಹುದು. ಬ್ಯಾಟರಿ, ಗ್ಯಾಸ್, ಗಾಳಿ ಎಂದು ಯಂತ್ರಕ್ಕೆ ತೋರಿಸಿದ ತಾಳ್ಮೆಯನ್ನು ಮಗುವಿಗೆ ತೋರಿಸಲು ನನಗೆ ಬಂದಿರಲಿಲ್ಲ.

ಮುಂದಿನ ವಾರ ಇಂಥ ಗಾಡಿಗಳ ಕೆಲಸ ಬಲ್ಲ ಒಬ್ಬ ತಂತ್ರಜ್ಞನನ್ನು ಕರೆಸಿದೆವು. ಮಾಡಬೇಕಾದದ್ದನ್ನು ಮಾಡಬಲ್ಲವರಿಂದ ಮಾಡಿಸುವುದೂ ಒಂದು ವಿಜ್ಞಾನವೇ. ಆತ ಹೊಗೆಯ ದಾರಿಯನ್ನು ಪೂರ್ತಿ ಶುಚಿ ಮಾಡಿ, ಲೋಹದ ಕೋಣೆಯಲ್ಲಿ ಬಿರುಕಿಲ್ಲವೆಂದು ಪರೀಕ್ಷಿಸಿ, ಗ್ಯಾಸಿನ ಒತ್ತಡ ಅಳೆದ. ಹನ್ನೊಂದು ಇಂಚು ನೀರಿನ ಸ್ತಂಭ, ಅಂದರೆ ಸುಮಾರು 28 ಸೆಂಟಿಮೀಟರ್, ಇದ್ದರೆ ಸರಿಯಂತೆ. ನನಗೆ ಹಿಗ್ಗೋ ಹಿಗ್ಗು! ಯು ಆಕಾರದ ಕೊಳವೆಯಲ್ಲಿ ಬಣ್ಣದ ನೀರು ತುಂಬಿ ನಾನು ಮೂವತ್ತು ವರ್ಷ ತೋರಿಸಿದ ಪ್ರಯೋಗ ಅದು. ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಸಾರ್ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಸ ಅಲಾರಂ ಬಂತು. ಹಾಯಿ ಸ್ವಿಚ್ ಮಾತ್ರ ಹಳೆಯದೇ ಉಳಿಯಿತು, ತನ್ನ ಜಾಗದಲ್ಲಿ, ತನ್ನ ಎರಡು ವೈರುಗಳೊಡನೆ.

ಮೇ ಮಧ್ಯದಲ್ಲಿ ಸುಪೀರಿಯರ್ ಸರೋವರದ ದಂಡೆಯ ಗೂಸ್‌ಬೆರಿ ಜಲಪಾತದ ಬಳಿ ಎರಡು ರಾತ್ರಿ ತಂಗಿದೆವು. ಹಿಮ ಕರಗಿದ ನೀರು ಕಪ್ಪು ಬಂಡೆಗಳ ಮೇಲೆ ಭೋರ್ಗರೆಯುತ್ತಿತ್ತು. ಅಕ್ಕ ಆ ಪುಟ್ಟ ಒಲೆಯ ಮೇಲೆ ತಿಳಿಸಾರು ಮಾಡಿದಳು. ನಡುರಾತ್ರಿ ಚಳಿ ಇಳಿದಾಗ ಎಚ್ಚರವಾಯಿತು. ಫ್ಯಾನು ತಿರುಗಿತು. ಕತ್ತಲೆಯಲ್ಲಿ ಕೆಳಗಿನ ಹಾಸಿಗೆಯಿಂದ ಮೆಲ್ಲನೆಯ ದನಿ ಕೇಳಿಸಿತು: “ಒಂದು, ಎರಡು, ಮೂರು...” ಹದಿನೈದು ಎನ್ನುವ ಹೊತ್ತಿಗೆ ಟಿಕ್ ಟಿಕ್, ಭುಸ್. “ಹಾಯಿ ಹೂಂ ಅಂತು ಮೇಷ್ಟ್ರಜ್ಜ” ಎಂದು ಹೇಳಿ ಮಗು ಮಗ್ಗುಲು ಬದಲಿಸಿತು. ಗೋಡೆಯ ಮೇಲೆ ಅಲಾರಮ್ಮಿನ ಹಸಿರು ದೀಪ ಉರಿಯುತ್ತಿತ್ತು.

ರಜೆ ಮುಗಿದು ಶಾಲೆಗೆ ಬಂದ ಮೊದಲ ದಿನ ನಾನು ಮಾಡಿದ ಕೆಲಸ, ಪ್ರಯೋಗಾಲಯದ ಫ್ಯೂಸಿನಿಂದ ಆ ದಪ್ಪ ತಾಮ್ರದ ತಂತಿ ಕಿತ್ತುಹಾಕಿ ಸರಿಯಾದ ಫ್ಯೂಸ್ ತಂತಿ ಕಟ್ಟಿದ್ದು. “ಮತ್ತೆ ಹೋಗ್ತದೆ ಸಾರ್” ಎಂದ ಜವಾನ. “ಹೋಗಲಿ ಮಾರಾಯ, ಯಾಕೆ ಹೋಯಿತು ಅಂತ ಆಗ ನೋಡೋಣ” ಎಂದೆ. ಎರಡೇ ದಿನಕ್ಕೆ ಹೋಯಿತು. ಹುಡುಕಿದರೆ, ಮೂಲೆಯ ಮೇಜಿನ ಹಿಂದೆ ಇಲಿ ಕಡಿದ ವೈರು ಸಿಕ್ಕಿತು. ಮಕ್ಕಳು ದಿನವೂ ಕೈಯಿಡುತ್ತಿದ್ದ ಕಬ್ಬಿಣದ ಮೇಜು ಅದು.

ಈಗ ನಾನು ತರಗತಿಯಲ್ಲಿ “ಅರ್ಥವಾಯಿತೇ?” ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೊನೆಯ ಬೆಂಚಿನ ತನಕ ನಡೆದುಹೋಗಿ, ಸುಮ್ಮನೆ ಕುಳಿತ ಮಗುವಿನ ಪಕ್ಕ ನಿಂತು, “ಇಲ್ಲಿಂದ ನಿನಗೆ ಏನು ಕಾಣುತ್ತದೆ, ಹೇಳು” ಎನ್ನುತ್ತೇನೆ.